ಹೊಸ ಎಂಟಿಬಿ ಫ್ರೇಮಿಗೆ ಪಿಪಿಎಫ್: ಮಳೆ ಹಿಡಿಯುವ ಮೊದಲು ಮನೆಯಲ್ಲೇ ಅಂಟಿಸುವುದು ಹೇಗೆ?

ನಾಪೋಕ್ಲು ಪೆಡಲ್

ಎಲ್ಲರಿಗೂ ನಮಸ್ಕಾರ. ಹೊಸ ಎಂಟಿಬಿ (ಮೌಂಟನ್ ಬೈಕ್) ಸೈಕಲ್ ಬಂದಿದೆ. 29 ಇಂಚಿನ ಚಕ್ರದ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಅಲ್ಯುಮಿನಿಯಂ ಹಾರ್ಡ್‌ಟೇಲ್, ಲಾರ್ಜ್ ಸೈಜ್, ಮ್ಯಾಟ್ ಹಸಿರು ಬಣ್ಣ, ಕೇಬಲ್‌ಗಳು ಡೌನ್ ಟ್ಯೂಬಿನ (ಹ್ಯಾಂಡಲ್ ಬುಡದಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಒಳಗಿಂದ ಹೋಗುತ್ತವೆ. ಓಡಿಸುವುದು ಹೆಚ್ಚಾಗಿ ಕೊಡಗಿನ ತೋಟದ ಜೀಪ್ ರಸ್ತೆ, ಗದ್ದೆ ಬದಿಯ ಕಾಲುದಾರಿ, ಜಲ್ಲಿ ಕಿತ್ತುಹೋದ ಏರುಗಳಲ್ಲಿ. ಮಳೆಗಾಲದಲ್ಲೂ ನಿಲ್ಲಿಸುವುದಿಲ್ಲ. ಕೆಂಪು ಮಣ್ಣು ಅಂಟಿ ಬಣ್ಣ ತಿನ್ನುವ ಮೊದಲೇ ಪಿಪಿಎಫ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್ ಹಾಕಬೇಕು ಅಂತಿದ್ದೇನೆ.

ಗೊತ್ತಿರುವವರು ಇವಿಷ್ಟನ್ನು ಬಿಡಿಸಿ ಹೇಳಿ. ಯಾವ ಫಿಲ್ಮ್, ಎಷ್ಟು ದಪ್ಪ, ಎಷ್ಟು ಬೇಕು? ಅಳತೆಗೆ ಕತ್ತರಿಸಿದ ಕಿಟ್ ನನ್ನ ಮಾಡೆಲಿಗೆ ಸಿಗುತ್ತಿಲ್ಲ. ಇಡೀ ಫ್ರೇಮಿಗೆ ಹಾಕಬೇಕೋ, ಮುಖ್ಯ ಜಾಗಗಳಿಗೆ ಸಾಕೋ? ಒಣದಾಗಿ ಅಂಟಿಸುವುದೋ, ನೀರು ಚಿಮುಕಿಸಿಯೋ? ಹಾಕಲು ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು), ಬ್ರೇಕ್ ಎಲ್ಲ ಬಿಚ್ಚಲೇಬೇಕಾ? ಮ್ಯಾಟ್ ಬಣ್ಣ ಹಾಗೆಯೇ ಉಳಿಯುತ್ತದಾ?

ಗೋಣಿಕೊಪ್ಪ ಗೇರ್

ಮೊದಲು ಫಿಲ್ಮಿನ ವಿಷಯ. ಟಿಪಿಯು, ಅಂದರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಬೇಕು ಎಂದು ಹೆಸರು ಹಿಡಿದೇ ಕೇಳಿ. ರೇಡಿಯಂ ಸ್ಟಿಕ್ಕರ್ ಅಂಗಡಿಯಲ್ಲಿ ‘ಟ್ರಾನ್ಸ್‌ಪರೆಂಟ್ ಶೀಟ್’ ಅಂತ ಕೊಡುವುದು ಸಾಮಾನ್ಯವಾಗಿ ಪಿವಿಸಿ. ಅದು ಬಿಸಿಲಿಗೆ ಹಳದಿಯಾಗುತ್ತದೆ, ಬಿರುಸಾಗುತ್ತದೆ, ಕೀಳಹೋದರೆ ಚೂರುಚೂರಾಗಿ ಬರುತ್ತದೆ. ಅನುಮಾನವಿದ್ದರೆ ಒಂದು ತುಂಡನ್ನು ಎರಡು ಬೆರಳಲ್ಲಿ ಹಿಡಿದು ಎಳೆದುಬಿಡಿ. ಟಿಪಿಯು ರಬ್ಬರಿನಂತೆ ಹಿಗ್ಗಿ, ಬಿಟ್ಟರೆ ನಿಧಾನವಾಗಿ ಮೊದಲಿನ ಅಳತೆಗೆ ಬರುತ್ತದೆ. ಪಿವಿಸಿ ಹಿಗ್ಗಿದ ಜಾಗದಲ್ಲೇ ನಿಂತುಬಿಡುತ್ತದೆ.

ದಪ್ಪ 200 ಮೈಕ್ರಾನ್ ಇರಲಿ. ಪ್ಯಾಕೆಟ್ ಮೇಲೆ ‘8 ಮಿಲ್’ ಎಂದಿದ್ದರೆ ಅದೇ. ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ, ಮಿಲಿಮೀಟರ್ ಅಲ್ಲ. ಹೆಲಿಕಾಪ್ಟರ್ ಟೇಪ್ ಎಂದು ಕರೆಯುವ 3ಎಂ ಟೇಪಿನಲ್ಲಿ 8672 ಎಂಬುದು 8 ಮಿಲ್, 8671 ಎಂಬುದು 14 ಮಿಲ್, ಅಂದರೆ 0.36 ಮಿಲಿಮೀಟರ್. ದಪ್ಪದ್ದು ಡೌನ್ ಟ್ಯೂಬಿನ ಕೆಳಭಾಗಕ್ಕೆ ಒಳ್ಳೆಯದೇ, ಆದರೆ ತಿರುವುಗಳಲ್ಲಿ ಕೂರುವುದಿಲ್ಲ. ಮೊದಲ ಸಲ ಕೈಹಾಕುವವರಿಗೆ 200 ಮೈಕ್ರಾನ್ ಸುಲಭ.

ಚಿಕ್ಕ ರೋಲ್ ಹುಡುಕುವ ಬದಲು ಕಾರ್ ಡಿಟೇಲಿಂಗ್ ಅಂಗಡಿಯಲ್ಲಿ ವಿಚಾರಿಸಿ. ಕಾರಿಗೆ ಹಾಕುವ ಪಿಪಿಎಫ್ ರೋಲಿನ ಅಗಲ 152 ಸೆಂಟಿಮೀಟರ್. ಅದನ್ನು ರನ್ನಿಂಗ್ ಅಡಿಯ ಲೆಕ್ಕದಲ್ಲಿ ಕೊಡುವವರಿದ್ದಾರೆ. ಒಂದು ಅಡಿ ಅಂದರೆ 30 x 152 ಸೆಂಟಿಮೀಟರ್. ಲಾರ್ಜ್ ಹಾರ್ಡ್‌ಟೇಲಿನ ಡೌನ್ ಟ್ಯೂಬಿಗೆ ಸುಮಾರು 68 x 14, ಟಾಪ್ ಟ್ಯೂಬಿಗೆ (ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) 58 x 10 ಸೆಂಟಿಮೀಟರ್ ಬೇಕು. ಇವೆರಡನ್ನು ಅಕ್ಕಪಕ್ಕ ಇಟ್ಟರೆ 68 ಸೆಂಟಿಮೀಟರ್ ಉದ್ದ ಖರ್ಚಾಯಿತು. ಉಳಿದದ್ದರಲ್ಲಿ ಎರಡು ಚೈನ್ ಸ್ಟೇ (ಪೆಡಲ್ ಬುಡದಿಂದ ಹಿಂಚಕ್ರಕ್ಕೆ ಹೋಗುವ ಕಡ್ಡಿ), ಎರಡು ಸೀಟ್ ಸ್ಟೇ (ಸೀಟಿನಡಿಯಿಂದ ಹಿಂಚಕ್ರಕ್ಕೆ ಇಳಿಯುವ ಕಡ್ಡಿ), ಹೆಡ್ ಟ್ಯೂಬ್ (ಹ್ಯಾಂಡಲ್ ಕೂರುವ ಮುಂದಿನ ಕೊಳವೆ), ಕ್ರ್ಯಾಂಕ್ ತೋಳು ಎಲ್ಲ ಆಗುತ್ತದೆ. ಆದರೂ ಒಂದೂವರೆ ಅಡಿ ತನ್ನಿ. ಡೌನ್ ಟ್ಯೂಬಿನ ತುಂಡು ಕೆಟ್ಟರೆ ಇನ್ನೊಂದು ಕತ್ತರಿಸಲು ಅಷ್ಟು ಉದ್ದದ ಪಟ್ಟಿ ಒಂದಡಿಯಲ್ಲಿ ಉಳಿದಿರುವುದಿಲ್ಲ, ಮತ್ತು ಮೊದಲು ಕೆಡುವುದು ಅದೇ ತುಂಡು. ತೂಕದ ಚಿಂತೆ ಬೇಡ, ಹಾರ್ಡ್‌ಟೇಲಿಗೆ ಎಲ್ಲ ಸೇರಿ 100 ಗ್ರಾಂ ದಾಟುವುದಿಲ್ಲ.

ಮ್ಯಾಟ್ ಬಣ್ಣಕ್ಕೆ ಮ್ಯಾಟ್ ಫಿಲ್ಮೇ ತನ್ನಿ. ಗ್ಲಾಸಿ, ಅಂದರೆ ಹೊಳೆಯುವ ಫಿಲ್ಮ್ ಹಾಕಿದರೆ ಆ ಭಾಗ ಒದ್ದೆಯಾದಂತೆ ಕಪ್ಪಾಗಿ ಹೊಳೆಯುತ್ತದೆ, ಹಾಕದ ಭಾಗ ಮಂಕಾಗಿ ಉಳಿದು ಪಟ್ಟೆಪಟ್ಟೆ ಕಾಣುತ್ತದೆ.

ಕೆಲಸಕ್ಕೆ ಮಳೆಗಾಲಕ್ಕೆ ಮೊದಲಿನ ಈ ಸಮಯವೇ ಸರಿ. ಕಾಫಿ ಅರಳಿಸುವ ಹೂಮಳೆ ಮುಗಿದಿದೆ, ಕಣದಲ್ಲಿ ಕಾಫಿ ಒಣಗಿಸುವ ದೂಳೂ ಇಲ್ಲ. ಸಂಜೆ ಗುಡುಗುಮಳೆ ಬರುವ ಮೊದಲು, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಿ. ಜುಲೈನಲ್ಲಿ ಮಾಡಿದರೆ ಗಾಳಿಯ ತೇವಕ್ಕೆ ಫಿಲ್ಮಿನ ಅಡಿಯ ನೀರು ಆರುವುದೇ ಇಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಾದರೆ ಅಂಟು ಬಿರುಸಾಗಿ ಹಿಡಿಯುವುದು ತಡ.

ಸಿಲ್ವರ್ ಓಕ್

ಎಲ್ಲಿ ಹಾಕಬೇಕು ಅನ್ನುವುದಕ್ಕೆ ನನ್ನ ಮಾತು ಸೇರಿಸುತ್ತೇನೆ. ಇಡೀ ಫ್ರೇಮ್ ಸುತ್ತುವುದು ಬೇಡ. ನಮ್ಮ ಕಡೆ ಫಿಲ್ಮ್ ಹಾಳಾಗುವುದು ನಡುವಿನಿಂದಲ್ಲ, ಅಂಚಿನಿಂದ. ಅಂಚು ಜಾಸ್ತಿಯಾದಷ್ಟು ಮಣ್ಣು ಕೂರುವ ಗೆರೆ ಜಾಸ್ತಿ. ಪೆಟ್ಟು ಬೀಳುವ ಕಡೆ ದೊಡ್ಡ ತುಂಡನ್ನೇ ಹಾಕಿ, ಅದರ ಅಂಚನ್ನು ಮಣ್ಣು ಹಾರದ ಮಗ್ಗುಲಿಗೆ ತಂದು ನಿಲ್ಲಿಸಿ.

ಡೌನ್ ಟ್ಯೂಬ್ ಎಲ್ಲಕ್ಕಿಂತ ಮುಖ್ಯ. ಮುಂದಿನ ಚಕ್ರ ಎಸೆಯುವ ಕಲ್ಲೆಲ್ಲ ಅದರ ಅಡಿಗೇ ಬಡಿಯುತ್ತದೆ, ಅದರಲ್ಲೂ ಬಾಟಮ್ ಬ್ರ್ಯಾಕೆಟಿನ (ಪೆಡಲ್ ಅಚ್ಚು ಕೂರುವ ಜಾಗ) ಹತ್ತಿರದ ಕೆಳಗಿನ ಅರ್ಧಕ್ಕೆ. ಟ್ಯೂಬಿನ ಸುತ್ತಳತೆಯ ಮೂರರಲ್ಲೆರಡು ಭಾಗ ಮುಚ್ಚುವಷ್ಟು ಅಗಲ ಇಟ್ಟುಕೊಂಡರೆ ಎರಡೂ ಅಂಚು ಟ್ಯೂಬಿನ ಮೇಲ್ಮಗ್ಗುಲಿಗೆ ಬರುತ್ತವೆ. ಅರ್ಧವೇ ಮುಚ್ಚಿದರೆ ಅಂಚು ನೇರವಾಗಿ ಕೆಸರಿನ ದಾರಿಗೆ ಸಿಗುತ್ತದೆ.

ಆಮೇಲೆ ಕಣ್ಣಿಗೆ ಬೀಳದ ಜಾಗ ಒಂದಿದೆ. ಹಿಂದಿನ ಟೈರಿನ ಎರಡೂ ಪಕ್ಕ, ಚೈನ್ ಸ್ಟೇಯ ಒಳಮೈ. ಜಂಬಿಟ್ಟಿಗೆ ಮಣ್ಣು ಟೈರಿಗೆ ಮೆತ್ತಿಕೊಂಡು ಆ ಸಂದಿನಲ್ಲಿ ತಿರುಗುತ್ತಲೇ ಇರುತ್ತದೆ. ಅದರಲ್ಲಿರುವ ಗರಸು ಉಜ್ಜುಕಾಗದದ ಕೆಲಸ ಮಾಡಿ ಬಣ್ಣ ತೆಗೆದು ಲೋಹಕ್ಕೆ ಇಳಿಯುತ್ತದೆ. ಕಲ್ಲೇಟಿನ ಗುರುತು ಹೊರಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಮಳೆಯಲ್ಲಿ ಓಡಿಸುವವರು ಟಾಪ್ ಟ್ಯೂಬ್ ಬಿಟ್ಟರೂ ಇದನ್ನು ಬಿಡಬಾರದು. ಹಿಂದಿನ ಚಕ್ರ ಬಿಚ್ಚಿದರೆ ಮಾತ್ರ ಅಲ್ಲಿಗೆ ಕೈ ಹೋಗುತ್ತದೆ.

ಶೂ ಹಿಮ್ಮಡಿ ಉಜ್ಜುವ ಚೈನ್ ಸ್ಟೇ ಹೊರಮೈ, ಕ್ರ್ಯಾಂಕ್ ತೋಳಿನ ಹೊರಮೈ, ಹ್ಯಾಂಡಲ್ ತಿರುಗಿದಾಗ ಬ್ರೇಕ್ ಹೋಸ್ (ಬ್ರೇಕಿನ ಎಣ್ಣೆ ಕೊಳವೆ) ತಾಗುವ ಹೆಡ್ ಟ್ಯೂಬಿನ ಎರಡು ಬದಿ, ಕೇಬಲ್ ಒಳಹೋಗುವ ರಂಧ್ರದ ಮುಂಭಾಗ, ಇವಕ್ಕೂ ಹಾಕಿ. ಹೆಡ್ ಟ್ಯೂಬಿನಲ್ಲಿ ಜಾಗ ಊಹಿಸಬೇಡಿ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಹೋಸ್ ತಾಗಿದಲ್ಲಿ ಮಾಸ್ಕಿಂಗ್ ಟೇಪ್ ಗುರುತು ಹಾಕಿ, ಗುರುತಿಗಿಂತ ಒಂದು ಸೆಂಟಿಮೀಟರ್ ದೊಡ್ಡ ತುಂಡು ಕತ್ತರಿಸಿ. ಪಿಕಪ್ ಹಿಂಬಾಗಿಲಿಗೆ ನೇತುಹಾಕಿ ಸೈಕಲ್ ಸಾಗಿಸುವವರು ಡೌನ್ ಟ್ಯೂಬಿನ ನಡುಭಾಗಕ್ಕೆ ಎರಡನೇ ಪದರ ಹಾಕಿದರೂ ತಪ್ಪಿಲ್ಲ.

ಬಲಗಡೆಯ ಚೈನ್ ಸ್ಟೇ ಮೇಲ್ಮೈಗೆ ಮಾತ್ರ ಈ ಫಿಲ್ಮ್ ನೆಚ್ಚಬೇಡಿ. ಚೈನ್ ಬಡಿತಕ್ಕೆ 200 ಮೈಕ್ರಾನ್ ಏನೂ ಅಲ್ಲ, ಸದ್ದೂ ಕಡಿಮೆಯಾಗುವುದಿಲ್ಲ. ಅಲ್ಲಿಗೆ ರಬ್ಬರ್ ಗಾರ್ಡ್ ಅಥವಾ 3ಎಂ 2228 ಮ್ಯಾಸ್ಟಿಕ್ ಟೇಪ್ ಬೇಕು. ಅದು 1.65 ಮಿಲಿಮೀಟರ್ ದಪ್ಪ, ವಿದ್ಯುತ್ ಕೇಬಲ್ ಜೋಡಣೆಗೆ ಬಳಸುವಂಥದ್ದು.

ಹಾಕಲೇಬಾರದ ಜಾಗಗಳು: ಫೋರ್ಕಿನ ಜಾರುವ ಕೊಳವೆ, ಸೀಟ್ ಪೋಸ್ಟ್, ಸೀಟ್ ಕ್ಲ್ಯಾಂಪ್ ಕೂರುವ ಜಾಗ, ಆ್ಯಕ್ಸಲ್ ಮತ್ತು ಬ್ರೇಕ್ ಕ್ಯಾಲಿಪರ್ ಬೋಲ್ಟ್ ಆಗುವ ಮೇಲ್ಮೈ. ಬಾಟಮ್ ಬ್ರ್ಯಾಕೆಟಿನ ಅಡಿಯಲ್ಲಿ ನೀರು ಬಸಿಯಲು ಚಿಕ್ಕ ತೂತು ಇದ್ದರೆ ಅದನ್ನು ಮುಚ್ಚಬೇಡಿ. ಮುಚ್ಚಿದರೆ ಮಳೆಗಾಲದಲ್ಲಿ ಫ್ರೇಮಿನ ಒಳಗೆ ಸೇರಿದ ನೀರು ಬೇರಿಂಗಿನ ಹತ್ತಿರವೇ ನಿಲ್ಲುತ್ತದೆ.

ಕುಶಾಲನಗರ ಡಿಟೇಲರ್

ಮೇಲಿನ ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ಅಂಟಿಸುವ ಕ್ರಮ ನಾನು ಹೇಳುತ್ತೇನೆ. ಒಣದಾಗಿ ಬೇಡ, ಒದ್ದೆ ಮಾಡಿಯೇ ಹಾಕಿ. ಒಣ ಫಿಲ್ಮ್ ತಾಗಿದಲ್ಲೇ ಕಚ್ಚಿಕೊಳ್ಳುತ್ತದೆ, ಸರಿಸಲು ಅವಕಾಶವೇ ಇರುವುದಿಲ್ಲ. ಹೆಡ್ ಟ್ಯೂಬಿನ ನಾಣ್ಯದಗಲದ ತುಂಡುಗಳಿಗೆ ಮಾತ್ರ ಒಣದು ನಡೆಯುತ್ತದೆ.

ಎರಡು ಸ್ಪ್ರೇ ಬಾಟಲಿ ಬೇಕು. ಒಂದರಲ್ಲಿ ಅರ್ಧ ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ. ಇದು ಜಾರಿಸಲು. ಕಡಿಮೆಯಾದರೆ ಫಿಲ್ಮ್ ಜಾರದೆ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಅಂಟು ಕೂರದೆ ಅಡಿಯಲ್ಲಿ ಮಬ್ಬು ಉಳಿಯುತ್ತದೆ. ಕಂಡೀಷನರ್ ಸೇರಿದ ಶಾಂಪೂ ಬೇಡವೇ ಬೇಡ. ಇನ್ನೊಂದು ಬಾಟಲಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರು, ಇದು ಹಿಡಿಸಲು. ನೂರರಲ್ಲಿ ಇಪ್ಪತ್ತು ಭಾಗ ಆಲ್ಕೋಹಾಲ್ ಇದ್ದರೆ ಸಾಕು. 70 ಶೇಕಡಾದ ಬಾಟಲಿ ಸಿಕ್ಕರೆ ಅದರ 100 ಮಿಲಿಲೀಟರಿಗೆ 250 ಮಿಲಿಲೀಟರ್ ನೀರು ಸೇರಿಸಿ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಕೆಲವದರಲ್ಲಿ ಎಣ್ಣೆಯಂಶ ಇರುತ್ತದೆ, ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಇರುತ್ತದೆ. ಎರಡೂ ಅಂಟಿಗೆ ಶತ್ರು. ಮೊಬೈಲ್ ರಿಪೇರಿಯವರು ಬಳಸುವ ಶುದ್ಧ ಐಸೊಪ್ರೊಪೈಲ್ ಕೇಳಿ. ನೀರು ಬಾವಿಯದಾಗಿದ್ದು ಕಬ್ಬಿಣದ ಕಂದು ಕಲೆ ಬಿಡುವಂಥದ್ದಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದರೆ ಎಲ್ಲದಕ್ಕೂ ಆಗುತ್ತದೆ.

ಜಾಗ ಆರಿಸುವಾಗ ಎಚ್ಚರ. ಬಚ್ಚಲುಮನೆ ದೂಳಿಲ್ಲದ ಜಾಗ ಅನ್ನುವುದು ನಿಜ, ಆದರೆ ಸೌದೆ ಒಲೆಯ ಹಂಡೆ ಇರುವ ಬಚ್ಚಲಾದರೆ ಮಾಡಿನಿಂದ ಮಸಿ ಉದುರುತ್ತಲೇ ಇರುತ್ತದೆ. ಗೀಸರ್ ಇರುವ ಬಾತ್‌ರೂಮಿನಲ್ಲಿ ನೆಲ, ಗೋಡೆಗೆಲ್ಲ ನೀರು ಹೊಯ್ದು, ಹತ್ತು ನಿಮಿಷ ಬಾಗಿಲು ಹಾಕಿ ಬಿಟ್ಟು, ಆಮೇಲೆ ಕೆಲಸ ಶುರುಮಾಡಿ. ಫ್ಯಾನ್ ಬೇಡ. ಉಣ್ಣೆ ಸ್ವೆಟರ್ ಬೇಡ. ನಾಯಿ, ಬೆಕ್ಕು ಓಡಾಡುವ ಜಗಲಿ ಬೇಡ.

ಬಿಚ್ಚುವುದು: ಎರಡೂ ಚಕ್ರ, ಬಾಟಲ್ ಕೇಜ್, ಹೊರಗಿನ ಕೇಬಲ್ ಕ್ಲಿಪ್. ಇಷ್ಟೇ. ಕ್ರ್ಯಾಂಕ್ ತೆಗೆದರೆ ಚೈನ್ ಸ್ಟೇ ಬುಡಕ್ಕೆ ಕೈ ಸಲೀಸು, ತೆಗೆಯದಿದ್ದರೂ ನಡೆಯುತ್ತದೆ. ಬ್ರೇಕ್ ಹೋಸ್ ಬಿಚ್ಚಬೇಡಿ, ಬಿಚ್ಚಿದರೆ ಬ್ಲೀಡ್ ಮಾಡುವ, ಅಂದರೆ ಒಳಸೇರಿದ ಗಾಳಿ ತೆಗೆಯುವ ಕೆಲಸ ಬೇರೆ. ಡಿಸ್ಕಿಗೂ ಬ್ರೇಕ್ ಪ್ಯಾಡಿಗೂ ಸ್ಪ್ರೇ ತಾಗದಂತೆ ಪ್ಲಾಸ್ಟಿಕ್ ಕಟ್ಟಿ.

ಹೊಸ ಫ್ರೇಮ್ ಎಂದರೆ ಶುದ್ಧ ಫ್ರೇಮ್ ಅಂತ ಅಲ್ಲ. ಪ್ಯಾಕಿಂಗ್ ಟೇಪಿನ ಅಂಟು, ಜೋಡಿಸುವಾಗಿನ ಗ್ರೀಸ್, ಅಂಗಡಿಯವರು ಹೊಡೆದ ಸಿಲಿಕಾನ್ ಪಾಲಿಶ್ ಎಲ್ಲ ಇರುತ್ತದೆ. ಮೊದಲು ಶಾಂಪೂ ನೀರಿನಲ್ಲಿ ತೊಳೆದು ಒಣಗಿಸಿ. ಆಮೇಲೆ ಅರ್ಧಕ್ಕರ್ಧ ನೀರು ಬೆರೆಸಿದ ಐಸೊಪ್ರೊಪೈಲಿನಲ್ಲಿ ಎರಡು ಸಲ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಮಡಿಕೆಯಲ್ಲಿ. ಮೈಕ್ರೋಫೈಬರ್ ಬಟ್ಟೆಯೇ ಆಗಬೇಕು. ಕಾಟನ್ ವೇಸ್ಟ್ ನೂಲೆಳೆ ಬಿಡುತ್ತದೆ, ಒಂದೇ ಎಳೆ ಸಾಕು ಫಿಲ್ಮಿನಡಿ ಕೂದಲಿನಂತೆ ಕಾಣಲು. ಮ್ಯಾಟ್ ಬಣ್ಣಕ್ಕೆ ರಬ್ಬಿಂಗ್ ಕಾಂಪೌಂಡ್ ಮುಟ್ಟಿಸಬೇಡಿ, ಹೊಳೆಯುವ ಮಚ್ಚೆ ಬಿದ್ದರೆ ಮತ್ತೆ ಸರಿಯಾಗದು.

ಅಳತೆ ಹೀಗೆ ತೆಗೆಯಿರಿ. ಮುಚ್ಚಬೇಕಾದ ಜಾಗದ ಮೇಲೆ ಅಗಲದ ಮಾಸ್ಕಿಂಗ್ ಟೇಪನ್ನು ಪಟ್ಟಿಯ ಮೇಲೆ ಪಟ್ಟಿ ಸ್ವಲ್ಪ ಏರುವಂತೆ ಅಂಟಿಸಿ, ಬೇಕಾದ ಅಂಚನ್ನು ಪೆನ್ನಿನಲ್ಲಿ ಬರೆದು, ನಡುಗೆರೆಯನ್ನೂ ಎಳೆದು, ಇಡೀ ಹಾಳೆಯನ್ನು ಒಟ್ಟಿಗೆ ಬಿಡಿಸಿ ಬಟರ್ ಪೇಪರಿನ ಮೇಲೆ ಹರಡಿ. ಕೆಳಗೆ ದಪ್ಪ, ಮೇಲೆ ಸಣ್ಣ ಇರುವ ಟ್ಯೂಬಿನ ಅಳತೆ ಸಮತಟ್ಟಾಗಿ ಹರಡಿದಾಗ ನೇರ ಪಟ್ಟಿಯಾಗಿರುವುದಿಲ್ಲ, ಸ್ವಲ್ಪ ಬಾಗಿರುತ್ತದೆ. ಸ್ಕೇಲ್ ಹಿಡಿದು ಕತ್ತರಿಸಿದ ಆಯತ ಸುಕ್ಕುಗಟ್ಟುವುದು ಇದಕ್ಕೇ. ಮೂಲೆಗಳೆಲ್ಲ ದುಂಡಗಿರಲಿ, ಕನಿಷ್ಠ 5 ಮಿಲಿಮೀಟರ್ ತ್ರಿಜ್ಯ. ಚೂಪು ಮೂಲೆ ಮೊದಲ ತೊಳೆತಕ್ಕೇ ಏಳುತ್ತದೆ. ಅಳತೆಯನ್ನು ಫಿಲ್ಮಿನ ಲೈನರ್ (ಅಂಟಿನ ಮೇಲಿರುವ, ಬಿಡಿಸಿ ಎಸೆಯುವ ಹಾಳೆ) ಬದಿಗೆ ಬರೆಯುವುದಾದರೆ ತಿರುವಿಹಾಕಿ ಬರೆಯಬೇಕು. ಇಲ್ಲದಿದ್ದರೆ ಎಡದ ಚೈನ್ ಸ್ಟೇಗೆ ಕತ್ತರಿಸಿದ್ದು ಬಲಕ್ಕೆ ಕೂರುವಂತಾಗುತ್ತದೆ. ಕತ್ತರಿಸುವ ಕೆಲಸವೆಲ್ಲ ಮೇಜಿನ ಮೇಲೇ ಮುಗಿಯಬೇಕು, ಹೊಸ ಬ್ಲೇಡಿನಲ್ಲಿ. ಫ್ರೇಮಿನ ಮೇಲಿಟ್ಟು ಬ್ಲೇಡ್ ಎಳೆದರೆ ಬಣ್ಣಕ್ಕೆ ಗೀರು ಬೀಳುವುದು ಖಂಡಿತ.

ಈಗ ಡೌನ್ ಟ್ಯೂಬ್. ಸೈಕಲ್ ತಲೆಕೆಳಗೆ ನಿಲ್ಲಿಸಿ. ಟ್ಯೂಬಿನ ಎರಡು ತುದಿಯಲ್ಲಿ, ಫಿಲ್ಮ್ ಬರದ ಜಾಗದಲ್ಲಿ, ನಡುಗೆರೆಗೆ ಚಿಕ್ಕ ಟೇಪ್ ಗುರುತು ಹಾಕಿ. ಕೈ ಬೆರಳುಗಳಿಗೆ, ಟ್ಯೂಬಿಗೆ, ಲೈನರ್ ಬಿಡಿಸಿದ ಅಂಟಿನ ಮೈಗೆ, ಮೂರಕ್ಕೂ ಶಾಂಪೂ ನೀರು ಧಾರಾಳವಾಗಿ ಹೊಡೆಯಿರಿ. ಒಣ ಬೆರಳು ತಾಗಿದ ಕಡೆ ಅಂಟಿನಲ್ಲಿ ಬೆರಳಚ್ಚು ಕೂತುಬಿಡುತ್ತದೆ, ಅದು ಹೋಗುವುದಿಲ್ಲ. ಫಿಲ್ಮಿನ ನಡುಗೆರೆಯನ್ನು ಮೊದಲು ತಾಗಿಸಿ, ಗುರುತಿಗೆ ಸರಿಯಾಗಿ ಜಾರಿಸಿ. ಸರಿಯಾಗುವ ತನಕ ಒತ್ತಬೇಡಿ. ಆಮೇಲೆ ಫಿಲ್ಮಿನ ಮೇಲೂ ನೀರು ಹೊಡೆದು, ಸ್ಕ್ವೀಜಿಯನ್ನು (ನೀರು ತಳ್ಳುವ ಪಟ್ಟಿ) 45 ಡಿಗ್ರಿ ಓರೆಯಲ್ಲಿ ಹಿಡಿದು ನಡುವಿನಿಂದ ಎರಡು ತುದಿಗೆ ಒಂದೊಂದು ಎಳೆತ, ಬಳಿಕ ನಡುವಿನಿಂದ ಬದಿಗಳಿಗೆ. ಒಂದು ಎಳೆತದ ಅರ್ಧದ ಮೇಲೆ ಇನ್ನೊಂದು ಬರಲಿ. ಸ್ಕ್ವೀಜಿ ಇಲ್ಲದಿದ್ದರೆ ಹಳೆ ಎಟಿಎಂ ಕಾರ್ಡಿಗೆ ತೆಳು ಮೈಕ್ರೋಫೈಬರ್ ಸುತ್ತಿದರೆ ಆದೀತು.

ನಡುಭಾಗ ಕೂತ ಮೇಲೆ ಅಂಚುಗಳು. ಇಲ್ಲಿ ಅವಸರ ಮಾಡಿದರೆ ಮಾಡಿದ್ದೆಲ್ಲ ಹಾಳು. ಬದಿಯ ಫಿಲ್ಮ್ ಸ್ವಲ್ಪ ಎತ್ತಿ, ಅಡಿಗೆ ಆಲ್ಕೋಹಾಲ್ ನೀರು ಹೊಡೆದು ಶಾಂಪೂ ತೊಳೆದು ಹೋಗಲು ಬಿಟ್ಟು, ಅರ್ಧ ನಿಮಿಷ ಕಾದು, ಸುಕ್ಕು ಹೋಗುವಷ್ಟೇ ಹಿಗ್ಗಿಸಿ ಒತ್ತಿ. ಎಲ್ಲೂ ಅಂಚನ್ನು ಜೋರಾಗಿ ಎಳೆದು ಅಂಟಿಸಬೇಡಿ. ಟಿಪಿಯು ತನ್ನ ಮೊದಲಿನ ಅಳತೆಗೆ ಮರಳಲು ನೋಡುತ್ತದೆ, ಎಳೆದು ಕೂರಿಸಿದ ಅಂಚು ಮರುದಿನ ಹಿಂದೆ ಸರಿದು ಬಾಯಿ ಬಿಟ್ಟಿರುತ್ತದೆ. ಹಿಗ್ಗಿಸುವುದಿದ್ದರೆ ನಡುವಿನಲ್ಲಿ, ಅಂಚು ಸಡಿಲವಾಗಿಯೇ ಕೂರಬೇಕು.

ನಾಪೋಕ್ಲು ಪೆಡಲ್

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಮೂವರಿಗೂ ಥ್ಯಾಂಕ್ಸ್. ಕುಶಾಲನಗರದ ಅಣ್ಣ, ಮೂರು ವಿಷಯ ಉಳಿಯಿತು. ಡೌನ್ ಟ್ಯೂಬ್ ನನ್ನದು ನೇರ ಇಲ್ಲ, ಹೆಡ್ ಟ್ಯೂಬಿನ ಹತ್ತಿರ ಬಾಗಿದೆ, ವೆಲ್ಡಿಂಗ್ ಗೆರೆಯೂ ದಪ್ಪ ಇದೆ. ಅಲ್ಲಿ ಏನು ಮಾಡುವುದು? ಗುಳ್ಳೆ ಉಳಿದರೆ ತೂತು ಮಾಡಬಹುದಾ? ಹಾಕಿದ ಮೇಲೆ ಎಷ್ಟು ದಿನ ಓಡಿಸಬಾರದು?

ಕುಶಾಲನಗರ ಡಿಟೇಲರ್

ವೆಲ್ಡಿಂಗ್ ಮೇಲೆ ಹತ್ತಿಸಲೇಬೇಡಿ. ಅದು ಮೀನಿನ ಹುರುಪೆಯಂತೆ ಸಾಲುಸಾಲು ಉಬ್ಬು, ಪ್ರತಿ ಉಬ್ಬಿನ ಸಂದಿನಲ್ಲಿ ಗಾಳಿ ಉಳಿದು ಅಲ್ಲಿಂದಲೇ ಏಳಲು ಶುರುವಾಗುತ್ತದೆ. ವೆಲ್ಡಿಂಗಿಗೆ 3-4 ಮಿಲಿಮೀಟರ್ ಮೊದಲೇ ಫಿಲ್ಮ್ ನಿಲ್ಲಿಸಿ.

ಬಾಗಿನ ಜಾಗಕ್ಕೆ ಶಾಂಪೂ ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳಿ, ಫಿಲ್ಮ್ ಮೆತ್ತಗಾಗುತ್ತದೆ. ಎರಡು ತುದಿ ಹಿಡಿದು ಬಾಗಿಗೆ ತಕ್ಕಷ್ಟು ಹಿಗ್ಗಿಸಿ ಕೂರಿಸಿ. ಆಗಲೂ ಬದಿಯಲ್ಲಿ ಬಟ್ಟೆಯ ನೆರಿಗೆಯ ಹಾಗೆ ಉಳಿದರೆ ಅದನ್ನು ಒತ್ತಿ ಮಡಚಬೇಡಿ. ಅಂಚು ಬಿಡಿಸಿ, ಆ ನೆರಿಗೆ ಇರುವಲ್ಲಿ ಕತ್ತರಿಯಲ್ಲಿ ಸಣ್ಣ ವಿ ಆಕಾರ ತೆಗೆದು ಕೂರಿಸಿ. ಬಾಗು ತುಂಬಾ ಇದ್ದರೆ ಡೌನ್ ಟ್ಯೂಬಿಗೆ ಒಂದೇ ತುಂಡು ಎಂಬ ಹಟ ಬಿಟ್ಟು ಎರಡು ಮಾಡಿ. ಮೊದಲು ಬಾಟಮ್ ಬ್ರ್ಯಾಕೆಟ್ ಕಡೆಯದನ್ನು ಹಾಕಿ, ಅದರ ಮೇಲೆ 5 ಮಿಲಿಮೀಟರ್ ಏರುವಂತೆ ಹೆಡ್ ಟ್ಯೂಬ್ ಕಡೆಯದನ್ನು ಹಾಕಿದರೆ ಇಳಿಯುವ ನೀರು ಜೋಡಣೆಯ ಒಳಗೆ ನುಗ್ಗುವುದಿಲ್ಲ. ತಿರುಗುಮುರುಗು ಮಾಡಿದರೆ ಮೊದಲ ಮಳೆಯಲ್ಲೇ ಆ ಗೆರೆ ಕೆಂಪಾಗುತ್ತದೆ.

ಗುಳ್ಳೆ ಎರಡು ಥರ. ಉಗುರಿನಿಂದ ಒತ್ತಿದಾಗ ಅತ್ತಿತ್ತ ಸರಿಯುವ, ತಿಳಿಯಾಗಿ ಕಾಣುವ ಗುಳ್ಳೆ ನೀರಿನದು. ಪಾಲಿಯುರೆಥೇನ್ ಮೂಲಕ ನೀರಿನ ಆವಿ ನಿಧಾನಕ್ಕೆ ಹೊರಹೋಗುತ್ತದೆ, ಹಾಗಾಗಿ ಅದನ್ನು ಮುಟ್ಟದೆ ಬಿಡಿ. ಕುಶಾಲನಗರದ ಒಣ ಹವೆಯಲ್ಲಿ ಕೆಲವೇ ದಿನ, ನಿಮ್ಮ ಕಡೆ ಎರಡು ಮೂರು ವಾರವೂ ಹಿಡಿಯಬಹುದು. ಬೆಳ್ಳಗೆ, ಬೆಳ್ಳಿಯಂತೆ ಹೊಳೆದು ಜಾಗ ಬಿಡದ ಗುಳ್ಳೆ ಗಾಳಿಯದು, ಅದು ತಾನಾಗಿ ಹೋಗುವುದಿಲ್ಲ. ಇನ್ಸುಲಿನ್ ಸೂಜಿಯನ್ನು ಫಿಲ್ಮಿಗೆ ಹೆಚ್ಚು ಕಡಿಮೆ ಸಮಾಂತರವಾಗಿ ಮಲಗಿಸಿ ಗುಳ್ಳೆಯ ಬದಿಯಲ್ಲಿ ಚುಚ್ಚಿ, ಎದುರು ಬದಿಯಿಂದ ಒತ್ತಿಕೊಂಡು ಬನ್ನಿ. ನೇರ ಚುಚ್ಚಿದರೆ ಸೂಜಿ ಬಣ್ಣಕ್ಕೆ ತಾಗುತ್ತದೆ. ದೂಳಿನ ಕಣ ಸಿಕ್ಕಿಕೊಂಡಿದ್ದರೆ ಸೂಜಿಯಿಂದ ಏನೂ ಆಗದು. ಹತ್ತಿರದ ಅಂಚಿನಿಂದ ಎತ್ತಿ, ಶಾಂಪೂ ನೀರು ರಭಸವಾಗಿ ಹೊಡೆದು ತೊಳೆದು, ಮತ್ತೆ ಕೂರಿಸಿ. ಅಂಟಿಸಿದ ಮೊದಲ ಅರ್ಧ ಗಂಟೆಯೊಳಗೆ ಇದೆಲ್ಲ ಸಲೀಸು.

ಮುಗಿದ ಮೇಲೆ ಹೇರ್ ಡ್ರೈಯರ್ ಹಿಡಿದು ಅಂಚುಗಳನ್ನೆಲ್ಲ ಬಿಸಿ ಮಾಡಿ, ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಒತ್ತಿಕೊಂಡು ಹೋಗಿ. ಕೈ ಇಟ್ಟರೆ ತಡೆದುಕೊಳ್ಳುವಷ್ಟೇ ಬಿಸಿ. ಬಣ್ಣ ಸುಡುವ ಹೀಟ್ ಗನ್ ತರಬೇಡಿ. ಮರುದಿನ ಇದೇ ಕೆಲಸ ಇನ್ನೊಮ್ಮೆ ಆಗಬೇಕು. ಹೆಚ್ಚಿನವರು ಇದನ್ನು ಬಿಡುತ್ತಾರೆ, ಅಂಚು ಏಳುವುದಿದ್ದರೆ ಮೊದಲ ರಾತ್ರಿಯೇ ಏಳುತ್ತದೆ. ಕುಶಾಲನಗರದಲ್ಲಾದರೆ 24 ಗಂಟೆ, ನಾಪೋಕ್ಲು, ಮಡಿಕೇರಿ ಕಡೆ 48 ಗಂಟೆ ನೆರಳಿನಲ್ಲಿ ನಿಲ್ಲಿಸಿಬಿಡಿ. ಒಂದು ವಾರ ತೊಳೆಯಬೇಡಿ. ಆಮೇಲೂ ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ವಾಷರ್ ನಳಿಕೆ 30 ಸೆಂಟಿಮೀಟರಿಗಿಂತ ಹತ್ತಿರ ಬರಬಾರದು, ಅಂಚಿಗೆ ಎದುರಾಗಿ ಹೊಡೆಯಲೂ ಬಾರದು. ಅದು ಬೇರಿಂಗುಗಳಿಗೂ ಒಳ್ಳೆಯದಲ್ಲ.

ಸೋಮವಾರಪೇಟೆ ಟ್ರೇಲ್

ಇದೇ ವಿಷಯ, ಆದರೆ ಗಾಡಿ ಬೇರೆ. ಕಾರ್ಬನ್ ಫುಲ್ ಸಸ್ಪೆನ್ಷನ್ (ಹಿಂದೆಯೂ ಸಸ್ಪೆನ್ಷನ್ ಇರುವಂಥದ್ದು), ಸೆಕೆಂಡ್ ಹ್ಯಾಂಡ್. ಹಳೆ ಫಿಲ್ಮ್ ಹಳದಿಯಾಗಿದೆ, ಅಡಿಯಲ್ಲಿ ಎರಡು ಮೂರು ಕಡೆ ಬಣ್ಣ ಎದ್ದ ಹಾಗಿದೆ. ಕಿತ್ತು ಹೊಸದು ಹಾಕುವುದು ಹೇಗೆ? ಕಾರ್ಬನ್ ಅಂತ ಬೇರೆ ಎಚ್ಚರಿಕೆ ಇದೆಯಾ?

ಗೋಣಿಕೊಪ್ಪ ಗೇರ್

ಕೀಳುವಾಗ ಡ್ರೈಯರ್ ಬಿಸಿ, ತಾಳ್ಮೆ, ಎರಡೂ ಬೇಕು. ಒಂದು ಮೂಲೆ ಬೆಚ್ಚಗೆ ಮಾಡಿ ಉಗುರಿನಿಂದ ಎಬ್ಬಿಸಿ. ಫಿಲ್ಮನ್ನು ಮೇಲಕ್ಕೆ ಎಳೆಯಬೇಡಿ, ಫ್ರೇಮಿಗೆ ಹತ್ತಿರವಾಗಿ ಹಿಂದಕ್ಕೆ ಮಡಚಿದ ಹಾಗೆ ಎಳೆಯುತ್ತಾ, ಬಿಡುವ ಗೆರೆಯ ಮೇಲೆ ಬಿಸಿ ಕೊಡುತ್ತಾ ಬನ್ನಿ. ನೇರ ಮೇಲಕ್ಕೆ ಎಳೆದರೆ ಬಲಹೀನ ಬಣ್ಣ ಜೊತೆಗೇ ಬರುತ್ತದೆ. ಸ್ಟಿಕ್ಕರ್ ಅಕ್ಷರಗಳು ಕ್ಲಿಯರ್ ಕೋಟಿನ (ಬಣ್ಣದ ಮೇಲಿನ ಪಾರದರ್ಶಕ ಲೇಪ) ಮೇಲಿವೆಯೋ ಅಡಿಯಲ್ಲೋ ಉಗುರಾಡಿಸಿ ನೋಡಿ. ಅಂಚು ಉಗುರಿಗೆ ಸಿಕ್ಕರೆ ಅವು ಮೇಲಿವೆ, ಫಿಲ್ಮಿನ ಜೊತೆ ಕಿತ್ತು ಬರುವ ಸಾಧ್ಯತೆ ಹೆಚ್ಚು. ಉಳಿದ ಅಂಟನ್ನು ಐಸೊಪ್ರೊಪೈಲಿನಲ್ಲಿ ನೆನೆಸಿ, ಪ್ಲಾಸ್ಟಿಕ್ ಕಾರ್ಡಿನಿಂದ ಸರಿಸಿ. ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದೂ ಬೇಡ. ಬಣ್ಣವನ್ನೂ, ಕಾರ್ಬನ್ ಎಳೆಗಳನ್ನು ಹಿಡಿದಿಡುವ ರಾಳವನ್ನೂ ಹಾಳುಮಾಡಬಹುದಾದಂಥವು ಅವು.

ಬಣ್ಣ ಎದ್ದ ಜಾಗ ನೋಡದೆ ಮೇಲೆ ಹೊಸ ಫಿಲ್ಮ್ ಹಾಕಬೇಡಿ. ಬರೀ ಬಣ್ಣದ ಚಕ್ಕೆ ಹೋಗಿದ್ದರೆ ಟಚ್‌ಅಪ್ ಬಣ್ಣ ತೆಳುವಾಗಿ ಎರಡು ಸಲ ಹಚ್ಚಿ, ಫಿಲ್ಮ್ ಹಾಕುವುದಕ್ಕೆ ಒಂದು ತಿಂಗಳು ಬಿಡಿ. ಹಸಿ ಬಣ್ಣದಿಂದ ಹೊರಬರುವ ದ್ರಾವಕದ ಆವಿ ಫಿಲ್ಮಿನಡಿ ಸಿಕ್ಕಿಕೊಂಡರೆ ಗುಳ್ಳೆ ಬಂದು ಬಣ್ಣವೂ ಮೆತ್ತಗಾಗುತ್ತದೆ. ಅಷ್ಟು ದಿನ ಮಳೆಯಲ್ಲಿ ಓಡಿಸಲೇಬೇಕಿದ್ದರೆ ಆ ಜಾಗ ಮಾತ್ರ ಬಿಟ್ಟು ಉಳಿದದ್ದಕ್ಕೆ ಹಾಕಿ. ಎಳೆ ಒಡೆದಂತೆ ಗೆರೆ ಕಂಡರೆ, ಅಥವಾ ನಾಣ್ಯದಿಂದ ಮೆಲ್ಲಗೆ ತಟ್ಟಿದಾಗ ಪಕ್ಕದ ಜಾಗದ ಗಟ್ಟಿ ಸದ್ದಿನ ಬದಲು ಮಂದ ಸದ್ದು ಬಂದರೆ ಅದು ಫಿಲ್ಮಿನ ವಿಷಯವೇ ಅಲ್ಲ. ಓಡಿಸುವುದನ್ನು ನಿಲ್ಲಿಸಿ ಕಾರ್ಬನ್ ರಿಪೇರಿ ತಿಳಿದವರಿಗೆ ತೋರಿಸಿ. ಅಲ್ಯುಮಿನಿಯಂ ಫ್ರೇಮಿನವರೂ ಚಕ್ಕೆ ಹೋದ ಜಾಗ ಮೊದಲು ಮುಚ್ಚಿಕೊಳ್ಳಬೇಕು. ಬರಿಲೋಹದ ಮೇಲೆ ತೇವ ಸಿಕ್ಕಿಬಿದ್ದರೆ ಪಕ್ಕದ ಬಣ್ಣದಡಿಗೂ ಬಿಳಿ ಪುಡಿ ಹರಡುತ್ತದೆ.

ಕಾರ್ಬನ್ನಿಗೆ ಫಿಲ್ಮ್ ಗೀರು ತಡೆಯುತ್ತದೆಯೇ ಹೊರತು ಏಟು ತಡೆಯುವುದಿಲ್ಲ. ಡೌನ್ ಟ್ಯೂಬಿನ ಕೆಳ ಅರ್ಧಕ್ಕೆ ಫಿಲ್ಮಿನ ಮೇಲೆ ದಪ್ಪ ರಬ್ಬರ್ ಗಾರ್ಡ್ ಕೂರಿಸಿ. ಫಿಲ್ಮ್ ಮೊದಲು, ಗಾರ್ಡ್ ಆಮೇಲೆ. ಹಾಗೆ ಮಾಡಿದರೆ ಗಾರ್ಡಿನ ಗಟ್ಟಿ ಅಂಟು ಬಣ್ಣಕ್ಕೆ ತಾಗುವುದಿಲ್ಲ, ನಡುವೆ ಸೇರುವ ಗರಸು ಫಿಲ್ಮನ್ನು ಮಾತ್ರ ತಿನ್ನುತ್ತದೆ.

ಸಿಲ್ವರ್ ಓಕ್

ಫುಲ್ ಸಸ್ಪೆನ್ಷನ್ನಿಗೆ ಇನ್ನೊಂದು. ಲಿಂಕ್, ಪಿವಟ್ (ಸಸ್ಪೆನ್ಷನ್ ಆಡುವ ಕೀಲುಗಳು) ಹತ್ತಿರ ಫಿಲ್ಮ್ ಕತ್ತರಿಸುವ ಮೊದಲು ಶಾಕಿನ ಗಾಳಿ ಪೂರ್ತಿ ತೆಗೆದು, ಹಿಂದಿನ ತ್ರಿಕೋನವನ್ನು ಕೊನೆಯವರೆಗೆ ಒತ್ತಿ ನೋಡಿ. ಯಾವ ಭಾಗ ಯಾವುದರ ಹತ್ತಿರ ಬರುತ್ತದೆ, ಸಂದು ಎಷ್ಟು ಉಳಿಯುತ್ತದೆ ಎಂಬುದು ಆಗಲೇ ಗೊತ್ತಾಗುವುದು. ಒಂದೆರಡು ಮಿಲಿಮೀಟರ್ ಮಾತ್ರ ಸಂದು ಇರುವ ಕಡೆ ಫಿಲ್ಮಿನ ಅಂಚು ಬರಬಾರದು. ಸಸ್ಪೆನ್ಷನ್ ಆಡಿದಾಗಲೆಲ್ಲ ಅಲ್ಲಿ ಹೊಕ್ಕ ಮಣ್ಣು ಅಂಚನ್ನು ಉಜ್ಜಿ ಸುರುಳಿ ಮಾಡುತ್ತದೆ. ಆಮೇಲೆ ಶಾಕಿಗೆ ನಿಮ್ಮ ಮಾಮೂಲಿ ಒತ್ತಡವನ್ನೇ ತುಂಬಿಸಬೇಕು, ಗಾಳಿ ತೆಗೆಯುವ ಮೊದಲು ಪಂಪಿನ ಮೀಟರ್ ನೋಡಿ ಅಂಕಿ ಬರೆದಿಟ್ಟುಕೊಳ್ಳಿ.